ಕಾರ್ಬೊರೇಟರ್ ಬಿಸಾಡುವ ಮುನ್ನ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ!



"ಕಾರ್ಬೊರೇಟರ್ ಹೋಗಿದೆ ಗುರು, ಹೊಸದು ಹಾಕ್ಬೇಕು."

ಈ ಒಂದು ಮಾತು ನಮ್ಮ ಊರುಗಳ ಗಲ್ಲಿಗಲ್ಲಿಯಲ್ಲಿ ಎಷ್ಟು ಹುಡುಗರ ಜೇಬು ಕತ್ತರಿಸಿದೆಯೋ ಲೆಕ್ಕ ಇಟ್ಟವರಿಲ್ಲ. ಅಪ್ಪನ ಯೆಜ್ಡಿ ಸ್ಟಾರ್ಟ್ ಆಗಲಿಲ್ಲವೇ? ಕಾರ್ಬೊರೇಟರ್ ಹೋಗಿದೆ. ಆರ್‌ಎಕ್ಸ್ 100 ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಆಫ್ ಆಗುತ್ತದೆಯೇ? ಕಾರ್ಬೊರೇಟರ್ ಹೋಗಿದೆ. ಹಳೇ ಸ್ಪ್ಲೆಂಡರ್ ಫ್ಲೈಓವರ್ ಹತ್ತುವಾಗ ಎಳೆಯುತ್ತಿಲ್ಲವೇ? ಅದಕ್ಕೂ ಕಾರ್ಬೊರೇಟರೇ! ಹಾಗಾದರೆ ಗಾಡಿಯ ಬೇರೆ ಯಾವ ಭಾಗವೂ ಕೆಡುವುದೇ ಇಲ್ಲವೇ? ಟ್ಯಾಂಕಿಗೆ ತುಕ್ಕು ಹಿಡಿಯುವುದಿಲ್ಲವೇ? ಪೈಪು ಒಣಗುವುದಿಲ್ಲವೇ? ಕಾಕಿನ ಜಾಲರಿಗೆ ಕಸ ಕಟ್ಟುವುದಿಲ್ಲವೇ?

ಕಟ್ಟುತ್ತದೆ. ಆದರೆ ಕಸ ತೆಗೆದವನಿಗೆ ನೂರು ರೂಪಾಯಿ. ಕಾರ್ಬೊರೇಟರ್ ಮಾರಿದವನಿಗೆ ಸಾವಿರಾರು ರೂಪಾಯಿ. ಈಗ ಅರ್ಥವಾಯಿತೇ?

ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಪಿಯುಸಿಗೆ ಓದು ನಿಲ್ಲಿಸಿದವನು. ಇಂಜಿನಿಯರ್ ಅಲ್ಲ, ಮೆಕ್ಯಾನಿಕ್ಕೂ ಅಲ್ಲ. ಆದರೆ ಮೆಷಿನ್ ಮುಂದೆ ನಿಂತು ಬೆಳೆದವನಿಗೆ ಒಂದು ಪಾಠ ಬಂದೇ ಬರುತ್ತದೆ. ಅಚ್ಚು ಮಸುಕಾಗಿ ಬಂದರೆ ಮೆಷಿನ್ ಮಾರುವವನು ಮೂರ್ಖ. ಮೊದಲು ಇಂಕು ನೋಡಬೇಕು, ಆಮೇಲೆ ರೋಲರ್, ಆಮೇಲೆ ಪ್ಲೇಟು, ಆಮೇಲೆ ಬ್ಲಾಂಕೆಟ್. ಇಂಕು ಹೋಗುವ ದಾರಿಯಲ್ಲೇ ಕಣ್ಣೂ ಹೋಗಬೇಕು. ಪೆಟ್ರೋಲೂ ಅಷ್ಟೇ. ಟ್ಯಾಂಕಿನಿಂದ ಇಂಜಿನ್ನಿಗೆ ಅದಕ್ಕೊಂದು ದಾರಿಯಿದೆ. ಆ ದಾರಿಯ ಕೊನೆಯಲ್ಲಿ ಕಾರ್ಬೊರೇಟರ್ ಇದೆ. ಮೊದಲಿನ ನಾಲ್ಕು ಮನೆ ಬಿಟ್ಟು ಕೊನೆಯ ಮನೆಯವನ ಮೇಲೇ ಕಳ್ಳತನ ಹೊರಿಸುವುದು ಯಾವ ನ್ಯಾಯ?

ಗುಜರಿಗೆ ಹೋಗುತ್ತಿರುವುದು ಏನು ಗೊತ್ತೇ?

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1960ರ ದಶಕದ ಆರಂಭದಿಂದ ಅಲ್ಲಿ ಜಾವಾ ತಯಾರಾಯಿತು, 1970ರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಆಯಿತು. ಗೇರಿಗೂ ಕಿಕ್ಕಿಗೂ ಒಂದೇ ಲಿವರ್, ಎರಡು ಸೈಲೆನ್ಸರ್, 250 ಸಿಸಿ ಟೂ ಸ್ಟ್ರೋಕ್ ಇಂಜಿನ್. ಕನ್ನಡನಾಡಿನ ಕೈಗಳು ಜೋಡಿಸಿ ದೇಶಕ್ಕೆಲ್ಲ ಕಳಿಸಿದ ಗಾಡಿ ಅದು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ 1996ರಲ್ಲೇ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮರಳಿ ಬಂತು ನಿಜ. ಆದರೆ ಬಂದದ್ದು ಹೆಸರು ಮಾತ್ರ. ಆ ಹೊಸ ಗಾಡಿಗಳು ಫೋರ್ ಸ್ಟ್ರೋಕ್, ಫ್ಯೂಯಲ್ ಇಂಜೆಕ್ಷನ್, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ.

ಅಂದರೆ ಲೆಕ್ಕ ಸರಳ. ನಿಮ್ಮ ಗಾಡಿಯ ಒರಿಜಿನಲ್ ಕಾರ್ಬೊರೇಟರ್ ಒಮ್ಮೆ ಗುಜರಿಗೆ ಹೋದರೆ ಹೋಯಿತು. ಅದರ ಜಾಗಕ್ಕೆ ಬರುವುದು ಬಹುತೇಕ ನಕಲಿ. ಮೇಲೆ ಹೊಳೆಯುತ್ತದೆ, ಒಳಗೆ ಜೆಟ್ಟಿನ ಅಳತೆಗೆ ಅಪ್ಪ ಅಮ್ಮ ಇಲ್ಲ. ಚಿನ್ನ ಕೊಟ್ಟು ಗಿಲೀಟು ತಂದು, ಮೇಲೆ ಕೈಯಿಂದ ದುಡ್ಡೂ ಕೊಟ್ಟು ಬರುವ ಬುದ್ಧಿವಂತರು ನಾವು!

2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳೆಲ್ಲ ಹೆಚ್ಚುಕಡಿಮೆ ಇಂಜೆಕ್ಷನ್‌ಗೆ ಹೋದವು. ಕಾರ್ಬೊರೇಟರ್ ಬಿಚ್ಚಿ, ತೊಳೆದು, ಕಿವಿಯಲ್ಲೇ ಟ್ಯೂನ್ ಮಾಡುವ ಹಳೇ ಕೈಗಳು ಒಂದೊಂದಾಗಿ ಅಂಗಡಿ ಮುಚ್ಚುತ್ತಿವೆ. ಅವರ ವಿದ್ಯೆಯನ್ನು ಯಾರೂ ಪುಸ್ತಕದಲ್ಲಿ ಬರೆದಿಟ್ಟಿಲ್ಲ. ಅದು ನಮ್ಮ ಗ್ಯಾರೇಜುಗಳ ಮಾತಿನಲ್ಲೇ ಬದುಕಿದೆ. ನೀವು ಕಲಿಯದಿದ್ದರೆ ಅಲ್ಲಿಗೆ ಮುಗಿಯಿತು.

ಆದ್ದರಿಂದ ಕಲಿಯಿರಿ. ಒಂದು ಭಾನುವಾರ ಬೆಳಿಗ್ಗೆ ಸಾಕು. ಎರಡು ಸ್ಕ್ರೂಡ್ರೈವರ್, ಪ್ಲಗ್ ಸ್ಪ್ಯಾನರ್, ಒಂದು ಸ್ವಚ್ಛವಾದ ಗಾಜಿನ ಬಾಟಲಿ, ಹಳೇ ಬಟ್ಟೆ. ಇಂಜಿನ್ ತಣ್ಣಗಿರಲಿ, ಜಾಗ ಬಯಲಾಗಿರಲಿ. ಬೀಡಿ, ಸಿಗರೇಟು, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆಯುವ ಶೂರತನವೂ ಬೇಡ. ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೆ ಗಾಡಿ ರಿಪೇರಿ ಅಲ್ಲ, ಆಸ್ಪತ್ರೆ ಬಿಲ್ಲು!

ಮೊದಲ ಸಾಕ್ಷಿ ಪ್ಲಗ್

ಹತ್ತು ಕಿಕ್ ಹೊಡೆದು ಪ್ಲಗ್ ಬಿಚ್ಚಿ ನೋಡಿ. ಒಣಗಿದೆಯೇ? ಪೆಟ್ರೋಲ್ ಇಂಜಿನ್ನಿಗೆ ಬರುತ್ತಿಲ್ಲ. ಮುಂದೆ ಓದಿ. ಒದ್ದೆಯಾಗಿದೆಯೇ? ಪೆಟ್ರೋಲ್ ಬರುತ್ತಿದೆ. ಒಂದೋ ಅತಿಯಾಗಿ ಬರುತ್ತಿದೆ, ಇಲ್ಲವೇ ಕಿಡಿ ಇಲ್ಲ. ಕಿಡಿ ಇಲ್ಲದ ಗಾಡಿಗೆ ಮೂರು ಕಾರ್ಬೊರೇಟರ್ ಹಾಕಿದರೂ ಅದು ಏಳುವುದಿಲ್ಲ.

ಓಡುವ ಗಾಡಿಯಾದರೆ ಪ್ಲಗ್ಗಿನ ಬಣ್ಣ ನೋಡಿ. ಕಾಫಿಪುಡಿ ಬಣ್ಣವಿದ್ದರೆ ಸರಿ. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಏರ್ ಫಿಲ್ಟರ್ ಕಟ್ಟಿದೆ. ಸುಣ್ಣದಂತೆ ಬಿಳಿಯಾಗಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಈ ಬಿಳಿ ಬಣ್ಣಕ್ಕೆ ಹೆದರಿ. ಯಾಕೆಂದು ಮುಂದೆ ಹೇಳುತ್ತೇನೆ.

ಎರಡನೆಯದು ಮುಚ್ಚಳ

ಟ್ಯಾಂಕಿನಿಂದ ಪೆಟ್ರೋಲ್ ಇಳಿಯಬೇಕಾದರೆ ಅಷ್ಟೇ ಗಾಳಿ ಮೇಲಿನಿಂದ ಒಳಗೆ ಹೋಗಬೇಕು. ಅದಕ್ಕಾಗಿಯೇ ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರ. ಅದು ಮುಚ್ಚಿದರೆ ಗಾಡಿ ಮೂರು ನಾಲ್ಕು ಕಿಲೋಮೀಟರ್ ಚೆನ್ನಾಗಿ ಓಡಿ ಉಸಿರು ಕಟ್ಟಿದಂತೆ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್!

ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಹುಡುಗನ ಯೆಜ್ಡಿಗೆ ಇದೇ ಕಾಯಿಲೆ ಬಂತು. ಒಂದು ಅಂಗಡಿಗೆ ಒಯ್ದ. ಕಾರ್ಬೊರೇಟರ್ ಹೋಗಿದೆ ಎಂದರು. ನಾಲ್ಕೂವರೆ ಸಾವಿರ ಕೊಟ್ಟು ಹೊಸದು ಹಾಕಿಸಿದ. ನಾಲ್ಕನೇ ಕಿಲೋಮೀಟರಿಗೆ ಗಾಡಿ ಮತ್ತೆ ನಿಂತಿತು. ಕಾಯಿಲ್ ಹೋಗಿದೆ ಎಂದರು, ಅದನ್ನೂ ಹಾಕಿಸಿದ. ಮತ್ತೆ ನಿಂತಿತು. ಕೊನೆಗೆ ಪ್ರೆಸ್ ಮುಂದೆ ಗಾಡಿ ನಿಂತಾಗ ಮುಚ್ಚಳ ತೆಗೆಯಲು ಹೇಳಿದೆ. "ಸುಸ್" ಎಂದು ಗಾಳಿ ಒಳಗೆ ನುಗ್ಗಿತು. ಮರುಕಿಕ್ಕಿಗೇ ಗಾಡಿ ಎದ್ದಿತು. ಟ್ಯಾಂಕಿಗೆ ಹೊಸ ಪೇಂಟ್ ಹೊಡೆಸಿದಾಗ ಮುಚ್ಚಳದ ರಂಧ್ರಕ್ಕೂ ಪೇಂಟ್ ತುಂಬಿಕೊಂಡಿತ್ತು. ಪುಸ್ತಕ ಹೊಲಿಯುವ ಸೂಜಿಯಲ್ಲಿ ಬಿಡಿಸಿದೆವು. ಖರ್ಚು ಸೊನ್ನೆ!

ಆ ಹುಡುಗ ಅಂಗಡಿಗೆ ಹೋಗಿ ತನ್ನ ಹಳೇ ಕಾರ್ಬೊರೇಟರ್ ಕೇಳಿದರೆ "ಗುಜರಿಗೆ ಹೋಯ್ತು" ಎಂಬ ಉತ್ತರ. ಯಾರಪ್ಪನ ಆಸ್ತಿ ಅದು? ನಿಮ್ಮ ಗಾಡಿಯಿಂದ ಬಿಚ್ಚಿದ ಪ್ರತಿ ಪಾರ್ಟೂ ನಿಮ್ಮದು. ಕೇಳಿ ಪಡೆಯಿರಿ. ಕೊಡದವನ ಅಂಗಡಿ ಮೆಟ್ಟಿಲು ಮತ್ತೆ ಹತ್ತಬೇಡಿ.

ಮೂರನೆಯದು ಟ್ಯಾಂಕ್, ಕಾಕ್, ಪೈಪ್

ಕಾರ್ಬೊರೇಟರ್ ಕಡೆಯ ಪೈಪ್ ಬಿಚ್ಚಿ, ಬಾಯಿಯನ್ನು ಗಾಜಿನ ಬಾಟಲಿಗೆ ಇಟ್ಟು ಕಾಕ್ ತಿರುಗಿಸಿ. ಧಾರೆ ಒಂದೇ ಸಮ ಇಳಿಯಬೇಕು. ತೊಟ್ಟಿಕ್ಕಿದರೆ ತಪ್ಪು ಕಾರ್ಬೊರೇಟರಿನದಲ್ಲ, ಅದಕ್ಕಿಂತ ಮೇಲಿನದು. ಮುಚ್ಚಳ ತೆಗೆದರೆ ಧಾರೆ ಸರಿಹೋಯಿತೇ? ಮುಚ್ಚಳದ ದೋಷ. ಇಲ್ಲವೇ? ಕಾಕ್ ಬಿಚ್ಚಿ ಜಾಲರಿ ನೋಡಿ, ಕೆಂಪು ತುಕ್ಕಿನ ಪುಡಿ ಕೂತಿರುತ್ತದೆ. ರಿಸರ್ವ್‌ನಲ್ಲಿ ಓಡಿ, ಟ್ಯಾಂಕ್ ತುಂಬಿದ್ದರೂ ಆನ್‌ನಲ್ಲಿ ಓಡದಿದ್ದರೆ ಕಾಕಿನೊಳಗಿನ ಆ ದಾರಿ ಕಟ್ಟಿದೆ ಎಂದೇ ಅರ್ಥ. ಪೈಪು ಕಲ್ಲಿನಂತೆ ಗಟ್ಟಿಯಾಗಿದೆಯೇ? ಮಡಚಿಕೊಂಡಿದೆಯೇ? ಹೊಸದು ಹಾಕಿ. ನಡುವೆ ಸಿಕ್ಕಿಸುವ ಸಣ್ಣ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ.

ಈಗ ಬಾಟಲಿಯನ್ನು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ತಳದಲ್ಲಿ ತುಕ್ಕು ಕೂತರೆ ಟ್ಯಾಂಕ್ ತೊಳೆಸಿ. ತುಕ್ಕಿನ ಟ್ಯಾಂಕ್ ಇಟ್ಟುಕೊಂಡು ಕಾರ್ಬೊರೇಟರ್ ತೊಳೆಯುವುದು, ಕೊಳಚೆ ನಲ್ಲಿಯ ಕೆಳಗೆ ಪಾತ್ರೆ ತೊಳೆದಂತೆ. ತಳದಲ್ಲಿ ಬೇರೆಯೇ ಒಂದು ಪದರ ನಿಂತರೆ ಅದು ನೀರು. ಮಳೆಗಾಲದಲ್ಲಿ ಮುಚ್ಚಳದ ಹಳೇ ವಾಷರ್ ಮೂಲಕ ಇಳಿದಿರುತ್ತದೆ.

ನಾಲ್ಕನೆಯದು ಬೌಲು ಮತ್ತು ಜೆಟ್ಟು

ಧಾರೆ ಚೆನ್ನಾಗಿದ್ದೂ ಗಾಡಿ ಸರಿಯಿಲ್ಲ ಎಂದಾಗ ಮಾತ್ರ ಕಾರ್ಬೊರೇಟರ್ ಮುಟ್ಟಿ. ಕೆಳಗಿನ ಬೌಲಿನಲ್ಲಿ ಒಂದು ಫ್ಲೋಟ್ ತೇಲುತ್ತದೆ. ಪೆಟ್ರೋಲ್ ತುಂಬಿದಾಗ ಅದು ಮೇಲೆದ್ದು ಒಂದು ನೀಡಲ್ ಒತ್ತಿ ದಾರಿ ಮುಚ್ಚುತ್ತದೆ. ಮನೆಯ ಫ್ಲಷ್ ಟ್ಯಾಂಕಿನ ಹಾಗೇ. ಓವರ್‌ಫ್ಲೋ ಆಗಿ ಪೆಟ್ರೋಲ್ ಸುರಿಯುತ್ತಿದ್ದರೆ ನೀಡಲ್ ಬಾಯಲ್ಲಿ ಕಸ ಸಿಕ್ಕಿದೆ, ಇಲ್ಲವೇ ನೀಡಲ್ ತುದಿ ಸವೆದಿದೆ, ಇಲ್ಲವೇ ಫ್ಲೋಟ್ ತೂತಾಗಿದೆ. ಹಿತ್ತಾಳೆ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಕುಲುಕುಲು ಎಂದರೆ ತೂತಾಗಿರುವುದು ಖಚಿತ.

ಜೆಟ್ಟುಗಳು ಎರಡು. ಚಿಕ್ಕದು ಪೈಲಟ್ ಜೆಟ್, ದೊಡ್ಡದು ಮೈನ್ ಜೆಟ್. ಚೋಕ್ ಎಳೆದರೆ ಮಾತ್ರ ನಿಲ್ಲುವ, ಐಡ್ಲಿಂಗ್ ಹಿಡಿಯದ ಗಾಡಿಗೆ ಪೈಲಟ್ ಜೆಟ್ ಕಟ್ಟಿದೆ. ಅರ್ಧ ಆಕ್ಸಿಲರೇಟರ್‌ವರೆಗೆ ಚೆನ್ನಾಗಿ ಹೋಗಿ ಪೂರ್ತಿ ತಿರುಗಿಸಿದಾಗ ಮುಗ್ಗರಿಸುವ ಗಾಡಿಗೆ ಮೈನ್ ಜೆಟ್ ಕಟ್ಟಿದೆ ಅಥವಾ ಪೆಟ್ರೋಲ್ ಸಾಲುತ್ತಿಲ್ಲ. ನಡುವಿನ ಓಟವನ್ನು ನೋಡಿಕೊಳ್ಳುವುದು ಸ್ಲೈಡಿಗೆ ತೂಗುಬಿದ್ದ ಉದ್ದನೆಯ ನೀಡಲ್. ಯಾವ ವೇಗದಲ್ಲಿ ತೊಂದರೆ ಎಂದು ಹೇಳಬಲ್ಲ ಸವಾರನನ್ನು ಯಾವ ಮೆಕ್ಯಾನಿಕ್ಕೂ ಯಾಮಾರಿಸಲಾರ!

ಒಂದು ಎಚ್ಚರಿಕೆ. ಜೆಟ್ಟಿನ ರಂಧ್ರ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಕೊರೆದದ್ದು. ಅದಕ್ಕೆ ತಂತಿ ಚುಚ್ಚಿ ಗೀರಿದರೆ ಅಳತೆ ಹೋಯಿತು, ಜೆಟ್ ಸತ್ತಿತು. ಬಿಚ್ಚಿ, ಕಾರ್ಬೊರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆಸಿ. ಬೆಳಕಿಗೆ ಹಿಡಿದರೆ ರಂಧ್ರ ದುಂಡಗೆ ಕಾಣಬೇಕು. ತಂತಿ ತೆಗೆದುಕೊಂಡು ಬರುವವನ ಕೈ ಹಿಡಿದು ನಿಲ್ಲಿಸಿ.

ಬದಲಿಸಲೇಬೇಕಾದ ಕಾಲವೂ ಬರುತ್ತದೆ. ಇಲ್ಲ ಎನ್ನುವುದಿಲ್ಲ. ದಶಕಗಳ ಓಟಕ್ಕೆ ಸ್ಲೈಡ್ ಸವೆದು ಬಾಡಿಯೊಳಗೆ ಗಡಗಡ ಅಲುಗಾಡಿದರೆ, ಬಾಡಿ ಬಿರುಕು ಬಿಟ್ಟಿದ್ದರೆ, ಥ್ರೆಡ್ ಹೋಗಿದ್ದರೆ ಬದಲಿಸಿ. ಆದರೆ ಅದನ್ನು ಕಣ್ಣಿಂದ ನೋಡಿ ಬದಲಿಸಿ, ಕಿವಿಯಿಂದ ಕೇಳಿ ಅಲ್ಲ.

ಕಳ್ಳ ಗಾಳಿ ಪ್ರಾಣ ತೆಗೆಯುತ್ತದೆ

ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟರೆ, ಗ್ಯಾಸ್ಕೆಟ್ ಸಡಿಲವಾದರೆ ಅಲ್ಲಿಂದ ಕಳ್ಳ ಗಾಳಿ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ರೇಸ್ ಇಳಿಯದಿದ್ದರೆ ಮೊದಲ ಅನುಮಾನ ಇದರ ಮೇಲೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಕ್ರ್ಯಾಂಕ್ ಸೀಲ್ ಸವೆದರೂ ಇದೇ ಕಥೆ.

ಪ್ಲಗ್ ಬಿಳಿಯಾದರೆ ಹೆದರಿ ಎಂದದ್ದು ಇದಕ್ಕೇ. ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಆಯಿಲ್ ಬೆರೆಸುವುದು ಪೆಟ್ರೋಲಿನಲ್ಲೇ. ಪಿಸ್ಟನ್ನಿಗೆ, ಬೇರಿಂಗಿಗೆ ಜಿಡ್ಡು ಸಿಗುವುದು ಆ ಪೆಟ್ರೋಲಿನಿಂದಲೇ. ಜೆಟ್ ಅರ್ಧ ಕಟ್ಟಿದರೆ ಪೆಟ್ರೋಲ್ ಮಾತ್ರವಲ್ಲ, ಆಯಿಲೂ ಅರ್ಧ! ಇಂಜಿನ್ ಕಾಯುತ್ತದೆ, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಗಾಡಿ ಸೀಜ್! ಎಪ್ಪತ್ತರ ವೇಗದಲ್ಲಿ ಹಿಂದಿನ ಚಕ್ರ ಲಾಕ್ ಆದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕೇ? ಹಿಂದೆ ಲಾರಿ ಇದ್ದರೆ? ಓಡುತ್ತಿರುವಾಗ ಇಂಜಿನ್ ಶಬ್ದ ಬದಲಾಗಿ ಬಿಗಿದಂತೆ ಅನ್ನಿಸಿದ ಕ್ಷಣ ಕ್ಲಚ್ ಹಿಡಿಯಿರಿ, ಆಕ್ಸಿಲರೇಟರ್ ಬಿಡಿ, ಪಕ್ಕಕ್ಕೆ ತನ್ನಿ. ಪೆಟ್ರೋಲ್ ದಾರಿ ಸರಿಯಿರಬೇಕು ಎನ್ನುವುದು ಮೈಲೇಜಿನ ಮಾತಲ್ಲ, ನಿಮ್ಮ ತಾಯಿ ಮನೆಯಲ್ಲಿ ಬಾಗಿಲು ನೋಡುತ್ತಾ ಕೂತಿರುವ ಮಾತು.

ಬಂಕಿನಲ್ಲಿ ನಿಮ್ಮನ್ನು ಕೇಳಿದರೇ?

ಇನ್ನು ದೊಡ್ಡವರ ವಿಷಯಕ್ಕೆ ಬರೋಣ. ಪೆಟ್ರೋಲಿಗೆ ಶೇಕಡಾ 20 ಎಥೆನಾಲ್ ಬೆರೆಸುವ ಇ20ಗೆ ಪ್ರಧಾನಿಗಳು ಚಾಲನೆ ಕೊಟ್ಟದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಅಂದು 84 ಬಂಕುಗಳಲ್ಲಿ ಶುರುವಾದದ್ದು 2025ರ ಹೊತ್ತಿಗೆ ದೇಶವನ್ನೆಲ್ಲ ಆವರಿಸಿತು. ಕಬ್ಬು ಬೆಳೆದ ರೈತನಿಗೆ ದುಡ್ಡು ಸಿಕ್ಕರೆ, ಹೊರದೇಶಕ್ಕೆ ಹೋಗುವ ತೈಲದ ದುಡ್ಡು ಉಳಿದರೆ ನಮಗೆ ಹೊಟ್ಟೆಕಿಚ್ಚಿಲ್ಲ. ಸಂತೋಷ. ಆದರೆ 1980ರ, 90ರ ಗಾಡಿ ಇಟ್ಟುಕೊಂಡವನನ್ನು ಯಾರಾದರೂ ಒಂದು ಮಾತು ಕೇಳಿದರೇ?

ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಸ್ವಲ್ಪ ನೀರನ್ನು ತನ್ನೊಳಗೇ ಅಡಗಿಸಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಕಾಕ್ ಇರುವುದು ತಳದಲ್ಲೇ! ಹಳೇ ರಬ್ಬರನ್ನು ಅದು ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ. ವರ್ಷಗಟ್ಟಲೆ ಟ್ಯಾಂಕಿಗೆ ಅಂಟಿದ ಕೊಳೆಯನ್ನು ಕರಗಿಸಿ ತಂದು ಜೆಟ್ಟಿನ ಬಾಯಿಗೆ ತುಂಬುತ್ತದೆ. ಲೀಟರ್ ಎಥೆನಾಲಿನಲ್ಲಿ ಇರುವ ಶಕ್ತಿ ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟೇ. ಹಳೇ ವಿನ್ಯಾಸದ ದ್ವಿಚಕ್ರ ವಾಹನಗಳ ಮೈಲೇಜ್ ಶೇಕಡಾ 3ರಿಂದ 4ರಷ್ಟು ಇಳಿಯುತ್ತದೆ ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿದೆ. ಬೆಲೆ ಮಾತ್ರ ಇಳಿಯಲಿಲ್ಲ, ನೂರು ರೂಪಾಯಿ ದಾಟಿಯೇ ಕೂತಿದೆ!

ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗಲಿ, ಬಂಕಿನಲ್ಲಿ ಎಷ್ಟು ಬೆರೆಸಿದ್ದಾರೆಂದು ಬರೆಯಲಿ ಎಂದು ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಕೋರ್ಟಿನ ಬಾಗಿಲು ಮುಚ್ಚಿದರೂ ಕೇಳುವ ಬಾಯಿ ಮುಚ್ಚಬೇಕಾಗಿಲ್ಲ. ಬಂಕಿನ ಪ್ರತಿ ಪಂಪಿನ ಮೇಲೆ ಎಥೆನಾಲ್ ಶೇಕಡಾ ಎಷ್ಟು, ಹಳೇ ಗಾಡಿಯವರು ಏನು ಎಚ್ಚರ ವಹಿಸಬೇಕು ಎಂದು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ ಎಂದು ಕೇಳೋಣ. ದುಡ್ಡು ಕೊಡುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಎಂದು ತನ್ನ ಭಾಷೆಯಲ್ಲಿ ತಿಳಿಯುವ ಹಕ್ಕಿಲ್ಲವೇ?

ಅಲ್ಲಿಯವರೆಗೆ ನೀವೇ ಅಳೆದು ನೋಡಿ. ಗೆರೆ ಹಾಕಿದ ಗಾಜಿನ ಅಳತೆ ಪಾತ್ರೆಗೆ 100 ಮಿಲಿಲೀಟರ್ ಪೆಟ್ರೋಲ್, 10 ಮಿಲಿಲೀಟರ್ ನೀರು ಹಾಕಿ ಕಲಕಿ ಬಿಡಿ. ಎಥೆನಾಲ್ ಇಲ್ಲದಿದ್ದರೆ ತಳದಲ್ಲಿ ಹತ್ತೇ ನಿಲ್ಲುತ್ತದೆ. ಶೇಕಡಾ 20 ಇದ್ದರೆ ಸುಮಾರು ಮೂವತ್ತು ನಿಲ್ಲುತ್ತದೆ. ಆ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ.

ಆದರೆ ಇನ್ನೊಂದು ಮಾತನ್ನೂ ಕೇಳಿ. ಎಲ್ಲದಕ್ಕೂ ಎಥೆನಾಲಿನ ಮೇಲೆ ಗೂಬೆ ಕೂರಿಸುವುದೂ ಹಳೇ ಸೋಮಾರಿತನದ ಹೊಸ ವೇಷ. ಹತ್ತು ವರ್ಷದಿಂದ ತೊಳೆಯದ ಕಾಕಿಗೆ ಸರ್ಕಾರ ಏನು ಮಾಡೀತು? ಪೈಪು, ವಾಷರ್, ನೀಡಲ್ ತುದಿ ಎಥೆನಾಲ್ ತಡೆಯುವ ರಬ್ಬರಿನವು ಸಿಗುತ್ತವೆ, ಕೇಳಿ ಹಾಕಿಸಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಮುಚ್ಚಿ ಬೌಲು ಖಾಲಿ ಮಾಡಿ. ಟ್ಯಾಂಕ್ ಪೂರ್ತಿ ತುಂಬಿಸಿಡಿ, ಇಲ್ಲವೇ ಪೂರ್ತಿ ಖಾಲಿ ಮಾಡಿ ಒಣಗಿಸಿಡಿ. ಅರ್ಧ ಟ್ಯಾಂಕ್ ಎಂದರೆ ತುಕ್ಕಿಗೆ ಕೊಟ್ಟ ಆಮಂತ್ರಣ ಪತ್ರಿಕೆ. ಪ್ಲಗ್ ಬಿಳಿಯಾಗುತ್ತಲೇ ಇದ್ದರೆ, ಕಳ್ಳ ಗಾಳಿ ಇಲ್ಲವೆಂದು ಖಚಿತವಾದ ಮೇಲೆ, ಬಲ್ಲ ಮೆಕ್ಯಾನಿಕ್ ಕೈಲಿ ಒಂದು ನಂಬರ್ ದೊಡ್ಡ ಮೈನ್ ಜೆಟ್ ಹಾಕಿಸಿ.

ಕೊನೆಗೆ ನಮ್ಮದೇ ಕನ್ನಡಿ

ಮೆಕ್ಯಾನಿಕ್‌ಗಳನ್ನೆಲ್ಲ ಕಳ್ಳರೆಂದು ಬೈಯಲು ನಾನು ಇದನ್ನು ಬರೆಯಲಿಲ್ಲ. ಎದೆ ಮುಟ್ಟಿ ಹೇಳಿ. ಎರಡು ಗಂಟೆ ಮಂಡಿಯೂರಿ ಕೂತು, ಟ್ಯಾಂಕ್ ಬಿಚ್ಚಿ, ಕಾಕ್ ತೊಳೆದು, ಜೆಟ್ ಊದಿ ಗಾಡಿ ಎಬ್ಬಿಸಿಕೊಟ್ಟವನು ಮುನ್ನೂರು ಕೇಳಿದರೆ ನಾವು ಏನನ್ನುತ್ತೇವೆ? "ಬರೀ ತೊಳೆದದ್ದಕ್ಕೆ ಮುನ್ನೂರಾ? ನೂರೈವತ್ತು ತಗೋ." ಅದೇ ಹೊಸ ಡಬ್ಬಿ ತೋರಿಸಿ ನಾಲ್ಕು ಸಾವಿರ ಅಂದರೆ? ಬಾಯಿ ಮುಚ್ಚಿಕೊಂಡು ಎಣಿಸುತ್ತೇವೆ! ವಸ್ತುವಿಗೆ ಬೆಲೆ ಕೊಡುತ್ತೇವೆ, ವಿದ್ಯೆಗೆ ಚೌಕಾಸಿ ಮಾಡುತ್ತೇವೆ. ಹೀಗಿರುವಾಗ ಅವನು ವಿದ್ಯೆ ಬಿಟ್ಟು ಡಬ್ಬಿ ಮಾರಲು ಕಲಿತರೆ ತಪ್ಪು ಅವನೊಬ್ಬನದೇ?

ನಮ್ಮ ಪ್ರೆಸ್ಸಿಗೂ ಬರುತ್ತಾರೆ ಇಂಥವರು. ದುಬಾರಿ ಕಾಗದಕ್ಕೆ ಎಷ್ಟಾದರೂ ಸರಿ, ಪ್ರೂಫ್ ತಿದ್ದುವವನ ಕೂಲಿ ಮಾತ್ರ ಕಣ್ಣಿಗೆ ಚುಚ್ಚುತ್ತದೆ. ಆಮೇಲೆ ಹೊಳೆಯುವ ಕಾಗದದ ಮೇಲೆ ತಪ್ಪು ಕನ್ನಡ ಅಚ್ಚಾಗುತ್ತದೆ!

ತೊಳೆಯುವ ಕೈಗೆ ಕೂಲಿ ಕೊಡಿ, ತಮ್ಮಂದಿರೇ. ಬಿಚ್ಚಿ ತೋರಿಸಿ ಕಾರಣ ಹೇಳುವ ಮೆಕ್ಯಾನಿಕ್ ಸಿಕ್ಕರೆ ಅವನನ್ನು ಬಿಡಬೇಡಿ, ನಾಲ್ಕು ಜನ ಗೆಳೆಯರನ್ನು ಅವನ ಅಂಗಡಿಗೆ ಕಳಿಸಿ. ಪಕ್ಕದಲ್ಲಿ ಕೂತು ಸ್ಪ್ಯಾನರ್ ಎತ್ತಿಕೊಡಿ, "ಯಾಕಣ್ಣಾ?" ಎಂದು ಕೇಳಿ. ಹಾಗೆ ಕೇಳುತ್ತಲೇ ಈ ವಿದ್ಯೆ ಇಲ್ಲಿಯವರೆಗೆ ಬಂದಿದೆ.

ಮತ್ತೆ ಯಾರಾದರೂ ಗಾಡಿ ಮುಟ್ಟದೆಯೇ "ಕಾರ್ಬೊರೇಟರ್ ಹೋಗಿದೆ" ಎಂದರೆ, ಅವನಿಗೆ ಮರುಮಾತಿಲ್ಲದಂಥ ಮೂರೇ ಪ್ರಶ್ನೆ ಹಾಕಿ. ಪ್ಲಗ್ ನೋಡಿದೆಯಾ? ಪೈಪಿನ ಧಾರೆ ನೋಡಿದೆಯಾ? ಮುಚ್ಚಳ ತೆಗೆದು ನೋಡಿದೆಯಾ?

ನೋಡಿಲ್ಲ ಎಂದರೆ ಗಾಡಿ ತಳ್ಳಿಕೊಂಡಾದರೂ ಮನೆಗೆ ಬನ್ನಿ. ತಳ್ಳಿದರೆ ಬೆವರು ಹೋಗುತ್ತದೆ ಅಷ್ಟೇ. ಮೈಸೂರಿನ ಒರಿಜಿನಲ್ ಕಾರ್ಬೊರೇಟರ್ ಹೋದರೆ ಮತ್ತೆ ಬರುವುದಿಲ್ಲ.